ಮೂರನೆಯ ಕಾಲು

ನೀರುಕೋಳಿಗೆ ಎರಡೇ ಕಾಲು ಎಂದು ನಮ್ಮ ದ್ವೀಪಗಳಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಕೆಸುವಿನ ಪಾತಿಗೆ ನುಗ್ಗಿ ಗೆಡ್ಡೆ ಕುಕ್ಕುವ ಜೀವಂತ ನೀರುಕೋಳಿಯ ಮಾತಲ್ಲ ಇದು. ಅದಕ್ಕೆ ಎಷ್ಟು ಕಾಲೆಂದು ಅದರ ಹಿಂದೆ ಕಲ್ಲು ಹಿಡಿದು ಓಡುವ ಮಕ್ಕಳಿಗೂ ಗೊತ್ತು. ನಾನು ಹೇಳುತ್ತಿರುವುದು ನಮ್ಮ ಮನೆತನದವರು ಮರದ ತೊಗಟೆ ಬಡಿದು ಮಾಡುವ ನಾರುಬಟ್ಟೆಯ ಮೇಲೆ ಮೂಡುವ ನೀರುಕೋಳಿಯ ವಿಷಯ. ಅದಕ್ಕೀಗ ಟೊಂಗಾ ದೇಶದ ಉದ್ದಗಲಕ್ಕೂ ಮೂರು ಕಾಲು. ಆ ಮೂರನೆಯದನ್ನು ಅಂಟಿಸಿದ ಪುಣ್ಯಾತಗಿತ್ತಿ ನಾನು.

ಆಗ ನನಗೆ ಹತ್ತೊಂಬತ್ತು. ಮನೂಸಿಯು ಅತ್ತೆ ನನ್ನ ಅಪ್ಪನ ಅಕ್ಕ. ಅಪ್ಪನ ಅಕ್ಕ ಎಂದರೆ ನಮ್ಮಲ್ಲಿ ದೇವರ ನಂತರದ ಸ್ಥಾನ. ಕೆಲವು ಮನೆಗಳಲ್ಲಿ ದೇವರೇ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಮದುವೆಯಾಗಲಿ, ಸಾವಾಗಲಿ, ಒಳ್ಳೆಯ ಚಾಪೆ, ಒಳ್ಳೆಯ ಬಟ್ಟೆ, ದೊಡ್ಡ ಹಂದಿ ಎಲ್ಲ ಅವರ ಪಾಲಿಗೆ. ಅವರು ಬೇಡವೆಂದರೆ ಮುಗಿಯಿತು, ಅಪ್ಪನೂ ಬಾಯಿ ತೆರೆಯುವಂತಿಲ್ಲ. ಈ ಅತ್ತೆಯ ಗಂಡ ಪಾದ್ರಿ. ಅವರಿಗೆ ಉತ್ತರದ ತುದಿಯ ನಿಯುವಾ ದ್ವೀಪಕ್ಕೆ ವರ್ಗವಾಗಿತ್ತು. ಹಡಗು ಮರುದಿನ ಬೆಳಿಗ್ಗೆ. ಸಾಮಾನು ಕಟ್ಟುವಾಗ ಅತ್ತೆಗೆ ತಮ್ಮ ಅಜ್ಜಿಯ ಅಚ್ಚಿನ ನೆನಪಾಯಿತು.

ಅಚ್ಚು ಎಂದರೆ ಮರದ್ದಲ್ಲ. ಕೇದಗೆಯ ಎಲೆಗಳನ್ನು ಪದರವಾಗಿ ಹೊಲಿದು, ಮೇಲೆ ತೆಂಗಿನಗರಿಯ ಕಡ್ಡಿಗಳನ್ನು ಬಗ್ಗಿಸಿ ಚಿತ್ರದ ಗೆರೆ ಕೂರಿಸಿದ ಹಾಳೆ. ಅದನ್ನು ಹಲಗೆಗೆ ಕಟ್ಟಿ, ಮೇಲೆ ನಾರುಬಟ್ಟೆ ಹಾಸಿ, ಕಂದು ಬಣ್ಣದಲ್ಲಿ ಅದ್ದಿದ ಮುದ್ದೆಯಿಂದ ಉಜ್ಜಿದರೆ ಕಡ್ಡಿ ಉಬ್ಬಿರುವಲ್ಲಿ ಚಿತ್ರ ಎದ್ದು ಬರುತ್ತದೆ. ಆ ಅಜ್ಜಿ ಸತ್ತು ಮೂವತ್ತು ವರ್ಷದ ಮೇಲಾಗಿತ್ತು. ಅಟ್ಟದಿಂದ ಇಳಿಸಿ ನೋಡಿದರೆ ಹಕ್ಕಿಯ ಹೊಟ್ಟೆಯಿಂದ ಕೆಳಗೆ ಪೂರಾ ಇಲಿ ತಿಂದಿತ್ತು.

"ಟೋಕಿ, ಇದನ್ನ ಸಂಜೆಯೊಳಗೆ ಸರಿಮಾಡಿಡು. ಒಂದು ಕಡ್ಡಿ ಆಚೀಚೆ ಆಗ್ಬಾರ್ದು, ಹೇಳಿದೀನಿ" ಎಂದು ಅತ್ತೆ ಮಾದರಿಗೆ ಹಳೆಯ ನಾರುಬಟ್ಟೆಯ ತುಂಡೊಂದನ್ನು ಕೊಟ್ಟು ಹೋದರು. ಅದರಲ್ಲಿ ನೀರುಕೋಳಿಗೆ ಎರಡು ಕಾಲಿದ್ದವು. ನಾನು ಕಣ್ಣಾರೆ ಕಂಡಿದ್ದೇನೆ. ಮುಂದಿನ ವರ್ಷ ತಾತ ತೀರಿಕೊಂಡಾಗ ಆ ತುಂಡನ್ನು ಅವರ ಎದೆಯ ಮೇಲೆ ಹೊದಿಸಿ ಮಣ್ಣು ಮಾಡಿದರು. ಸಾಕ್ಷಿ ಅಲ್ಲಿಗೆ ಮುಗಿಯಿತು.

ನಾನು ಹೊಲಿದೆ. ಎರಡನೆಯ ಕಾಲಿನ ಕಡ್ಡಿ ಮಂಡಿಯಲ್ಲಿ ಮುರಿದು ನಾರು ಸುತ್ತಬೇಕಾಯಿತು, ಮೇಲಾಗಿ ಕಾಲೇ ತುಸು ಮುಂದಕ್ಕೆ ಬಂದು ಹಕ್ಕಿ ಮುಗ್ಗರಿಸಿದ ಹಾಗೆ ಕಂಡಿತು. ಸರಿಯಾದ ಜಾಗದಲ್ಲಿ ಇನ್ನೊಂದನ್ನು ಹೊಲಿದೆ. ತಪ್ಪಾಗಿದ್ದನ್ನು ಕಿತ್ತು ತೆಗೆಯಬೇಕಿತ್ತು. ಅಷ್ಟರಲ್ಲಿ ಚರ್ಚಿನ ಬ್ಯಾಂಡಿನವರು ಅಭ್ಯಾಸ ಶುರು ಮಾಡಿದರು, ಮತ್ತು ಆ ಬ್ಯಾಂಡಿನಲ್ಲಿ ಕೆಪು ಎಂಬ ಹುಡುಗ ಕೆನ್ನೆ ಉಬ್ಬಿಸಿ ತುತ್ತೂರಿ ಊದುತ್ತಿದ್ದ. ಬಂದು ಕಿತ್ತರಾಯಿತು ಎಂದು ಓಡಿದೆ. ನಾನು ಬರುವಷ್ಟರಲ್ಲಿ ಅತ್ತೆ ಅಚ್ಚನ್ನು ಚಾಪೆಯಲ್ಲಿ ಸುತ್ತಿ ಹಗ್ಗ ಬಿಗಿದಾಗಿತ್ತು. ಬಿಚ್ಚಿ ಎನ್ನಲು ಧೈರ್ಯ ಬರಲಿಲ್ಲ. ಮುಂದೆ ಆ ಕೆಪುವನ್ನೇ ಮದುವೆಯಾದೆ, ಆ ವಿಷಯದಲ್ಲಿ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

ಹದಿನಾಲ್ಕು ವರ್ಷ ಅದರ ಸುದ್ದಿ ಇರಲಿಲ್ಲ. ಆಮೇಲೆ ಪಕ್ಕದೂರಿನ ಮದುವೆಯೊಂದರಲ್ಲಿ ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆಯ ಮಾಂಸದ ಗಂಟು ಬಿಚ್ಚಿ ಬಾಯಿಗಿಡುತ್ತಿದ್ದೆ. ವಧುವಿನ ಕಡೆಯವರು ದೊಡ್ಡ ನಾರುಬಟ್ಟೆ ಬಿಚ್ಚುತ್ತಾ ಬಂದರು. ಸಾಲು ಸಾಲು ನೀರುಕೋಳಿ. ಒಂದೊಂದಕ್ಕೂ ಮೂರು ಕಾಲು. ಮುಂದಿನ ಕಾಲಿನ ಮಂಡಿಯಲ್ಲಿ ಅದೇ ಸೊಟ್ಟ. ಅವತ್ತು ಕಡ್ಡಿ ಒಣಗಿ ಚಟ್ಟನೆ ಮುರಿದಿದ್ದಕ್ಕೆ ನಾನು ನಾರು ಸುತ್ತಿ ಕಟ್ಟಿದ್ದೆನಲ್ಲ, ಅದೇ. ತುತ್ತು ಗಂಟಲಲ್ಲಿ ಸಿಕ್ಕಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಚೆನ್ನಾಗಿದೆ ಅಲ್ವಾ?" ಎಂದಳು ವಧುವಿನ ಚಿಕ್ಕಮ್ಮ, ನಾನು ಅಳುತ್ತಿದ್ದೇನೆಂದು ತಿಳಿದು. "ನಿಯುವಾ ಕಡೆದು ಕಣ್ರೀ. ಭಾರೀ ಹಳೇದು. ದೊಡ್ಡ ಬಿರುಗಾಳೀಲಿ ಎಲ್ಲಾ ಹಕ್ಕಿ ಹಾರಿಹೋದ್ರೂ ಇದೊಂದು ಮೂರನೇ ಕಾಲೂರಿ ನಿಂತಿತ್ತಂತೆ."

"ಯಾರು ಹೇಳಿದ್ದು?"

"ಯಾರು ಹೇಳಿದ್ದು ಅಂದ್ರೆ? ಎಲ್ಲರಿಗೂ ಗೊತ್ತಿರೋ ವಿಷ್ಯ ಅಲ್ವಾ ಇದು!"

ಅತ್ತೆಯ ಗಂಡನಿಗೆ ನಾಲ್ಕೈದು ವರ್ಷಕ್ಕೊಮ್ಮೆ ವರ್ಗ. ಹೋದ ದ್ವೀಪದಲ್ಲೆಲ್ಲ ಅತ್ತೆ ಅಲ್ಲಿಯ ಹೆಂಗಸರ ಜೊತೆ ಕೂತು ಬಟ್ಟೆ ಉಜ್ಜಿದ್ದಾರೆ. ಅವರು ಹೊರಟ ಮೇಲೆ ಆ ಹೆಂಗಸರು ಬಟ್ಟೆ ನೋಡಿ ತಮ್ಮದೇ ಅಚ್ಚು ಹೊಲಿದುಕೊಂಡಿದ್ದಾರೆ. ಅವರನ್ನು ನೋಡಿ ಪಕ್ಕದೂರಿನವರು. ಹಾಪೈ ದ್ವೀಪಗಳ ಕಡೆ ನನ್ನ ಸೊಟ್ಟ ಮಂಡಿ ಗಾಳದ ಕೊಕ್ಕೆಯಾಯಿತು. ಅಲ್ಲಿ ನೀರುಕೋಳಿ ಮೀನು ಹಿಡಿಯುತ್ತದೆ. ವವಾಉ ದ್ವೀಪಗಳ ಕಡೆ ಯಾರೋ ಜಾಣೆ ಉಳಿದೆರಡು ಕಾಲಿಗೂ ಮಂಡಿ ಮುರಿದಳು. ಒಂದೂರಿನಲ್ಲಿ ನಾಲ್ಕು ಕಾಲು ಮಾಡಿ ನೋಡಿದರಂತೆ, ಹಂದಿಯ ಹಾಗೆ ಕಂಡಿದ್ದಕ್ಕೆ ಬಿಟ್ಟರು. ನಮ್ಮೂರ ಪಾದ್ರಿ ಒಂದು ಭಾನುವಾರ ಮೂರು ಕಾಲೆಂದರೆ ನಂಬಿಕೆ, ಭರವಸೆ, ಪ್ರೀತಿ ಎಂದು ಮುಕ್ಕಾಲು ಗಂಟೆ ಉಪದೇಶ ಮಾಡಿದ. ನಾನು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ರಗ್ಬಿ ಆಡುವ ಹುಡುಗರು ಆ ಹಕ್ಕಿಯನ್ನು ಅಂಗಿಯ ಮೇಲೆ ಹಾಕಿಸಿಕೊಂಡರು. ಅವರು ಕೊಡುವ ಅರ್ಥವನ್ನು ಇಲ್ಲಿ ಬರೆಯುವಂತಿಲ್ಲ. ಚಿಕ್ಕ ಮಕ್ಕಳು ಕೋಲೊಂದನ್ನು ಊರಿಕೊಂಡು ಮೂರು ಕಾಲಿನ ಓಟ ಓಡತೊಡಗಿದರು.

ಆ ಓಟ ನೋಡುವಾಗ ನನಗೆ ನಗು ಬರುತ್ತಿತ್ತು, ನಿಜ ಹೇಳಬೇಕೆಂದರೆ ತುಸು ಹೆಮ್ಮೆಯೂ ಆಗುತ್ತಿತ್ತು. ಆದರೆ ಅತ್ತೆಯ ನೆನಪಾದ ಕೂಡಲೇ ಅಲ್ಲಿಂದ ಎದ್ದು ಹೋಗುತ್ತಿದ್ದೆ. ಅವರಿಗೆ ಗೊತ್ತಿರದೆ ಇರುತ್ತದೆಯೇ? ಅಜ್ಜಿಯ ತೊಡೆಯ ಮೇಲೆ ಬೆಳೆದವರು. ಬೇಕೆಂದೇ ಸುಮ್ಮನಿದ್ದಾರೆ, ನಾನಾಗಿ ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದಾರೆ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಈ ವರ್ಷ ಅತ್ತೆ ಊರಿಗೆ ವಾಪಸು ಬಂದರು. ಗಂಡ ತೀರಿಕೊಂಡಿದ್ದಾರೆ, ಅತ್ತೆಗೆ ಎಂಬತ್ತೆರಡಾಗಿದೆ, ಎರಡೂ ಕಣ್ಣಿಗೆ ಪೊರೆ. ಹಿಂದಿನ ವರ್ಷದ ಬಿರುಗಾಳಿಯಲ್ಲಿ ಸಮುದ್ರ ಮನೆಯೊಳಗೆ ನುಗ್ಗಿ ಅಚ್ಚನ್ನು ಒಯ್ದಿತ್ತು. ಬಂದ ಮೂರನೆಯ ದಿನವೇ ನನ್ನನ್ನೂ ನನ್ನ ಚಿಕ್ಕಪ್ಪನ ಮಗಳು ಪಿಸಿಲಾಳನ್ನೂ ಕರೆಸಿದರು.

"ನನ್ನ ಕಾಲ ಆಯ್ತು. ನೀರುಕೋಳೀನ ಯಾರ ಕೈಗಾದ್ರೂ ಒಪ್ಪಿಸ್ಬೇಕು. ನೀವಿಬ್ಬರೂ ಒಂದೊಂದು ಅಚ್ಚು ಹೊಲ್ಕೊಂಡು ಮಂಗಳವಾರ ಬಟ್ಟೆ ಉಜ್ಜೋ ಚಪ್ಪರಕ್ಕೆ ಬನ್ನಿ. ಯಾರದು ನಮ್ಮಜ್ಜಿ ಹಕ್ಕಿ ಹಾಗಿರುತ್ತೋ ಅವಳೇ ಇನ್ಮೇಲೆ ಅದಕ್ಕೆ ಯಜಮಾನಿ."

ಯಜಮಾನಿ ಎಂದರೆ ಸಣ್ಣ ಮಾತಲ್ಲ. ಯಾವ ಮದುವೆಗೆ, ಯಾವ ಸಾವಿಗೆ ನಮ್ಮ ಹಕ್ಕಿ ಹೋಗಬೇಕೆಂದು ಹೇಳುವವಳು ಅವಳು. ಚಪ್ಪರದಲ್ಲಿ ಹಲಗೆಯ ತಲೆಭಾಗದಲ್ಲಿ ಕೂರುವವಳು ಅವಳು. ನನಗೆ ಅದು ಬೇಕಿತ್ತು. ಐವತ್ತೆಂಟು ವರ್ಷದ ಹೆಂಗಸು ಹೀಗೆ ಬಾಯಿಬಿಟ್ಟು ಹೇಳಬಾರದು, ಆದರೂ ತುಂಬ ಬೇಕಿತ್ತು. ನನ್ನ ಕೈ ಆಡಿದ ಹಕ್ಕಿಯ ಪಕ್ಕದಲ್ಲಿ ಕೂತು ಮುದುಕಿಯಾಗಬೇಕೆಂದು ಆಸೆ.

ಅವತ್ತು ಮಧ್ಯಾಹ್ನ ನಮ್ಮ ದೀವಿಹಲಸಿನ ಮರದಡಿ ಕಡ್ಡಿ ಸೀಳುತ್ತಾ ಗಂಡನಿಗೆ ಹೇಳಿದೆ. ಲೋಕದಲ್ಲಿ ಈ ಗುಟ್ಟು ಗೊತ್ತಿದ್ದ ಇನ್ನೊಬ್ಬ ಅವನೇ. ಆದರೆ ಅವನು ಆ ಹಳೆಯ ತುಂಡನ್ನು ನೋಡಿದವನಲ್ಲ.

"ಎಷ್ಟು ಕಾಲು ಹಾಕ್ಲಿ?"

"ಮೂರು" ಎಂದ ಕೆಪು, ಯೋಚನೆ ಮಾಡದೆ. "ದೇಶಕ್ಕೆ ದೇಶವೇ ಮೂರು ಅಂತಿದೆ. ನೀನೊಬ್ಳು ಎರಡು ಅಂದ್ರೆ ನಿಂಗೇ ತಲೆ ಸರಿಯಿಲ್ಲ ಅಂತಾರೆ."

"ಅತ್ತೆಗೆ ಗೊತ್ತು ಕಣ್ರೀ. ನನ್ನ ಪರೀಕ್ಷೆ ಮಾಡ್ತಿದಾರೆ. ಅಜ್ಜಿ ಹಕ್ಕಿ ಹಾಗಿರ್ಬೇಕು ಅಂದ್ರಲ್ಲ, ಅದ್ಯಾಕೆ ಅಂದ್ರು?"

"ಅಂದ್ರು ಅಂತ ಅಂದ್ರು."

"ನಿಮಗೇನ್ರೀ ಗೊತ್ತು, ನೀವು ಊದೋರು. ನಿಮ್ಮಿಂದ್ಲೇ ಆಗಿದ್ದು ಇದೆಲ್ಲ."

"ಹೌದಪ್ಪಾ, ನಾನು ತುತ್ತೂರಿ ಊದ್ದೆ, ಹಕ್ಕಿಗೆ ಕಾಲು ಬಂತು" ಎಂದು ಅವನು ನಕ್ಕು ಕೆಲಸಕ್ಕೆ ಎದ್ದ.

ನಾನು ಎರಡೇ ಹೊಲಿದೆ. ಮೂವತ್ತೊಂಬತ್ತು ವರ್ಷದ ಹಿಂದೆ ಕೀಳಬೇಕಿದ್ದ ಕಾಲನ್ನು ಈಗ ಹಾಕದೆ ಬಿಟ್ಟೆ. ಹೊಲಿಗೆ ಮುಗಿದಾಗ ಸ್ನಾನ ಮಾಡಿ ಎದ್ದಷ್ಟು ಹಗುರಾಯಿತು.

ಮಂಗಳವಾರ ಚಪ್ಪರದಲ್ಲಿ ಹದಿನಾಲ್ಕು ಹೆಂಗಸರು ಉದ್ದ ಹಲಗೆಯ ಎರಡೂ ಕಡೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಬಣ್ಣದ ಬೋಗುಣಿ, ಮರಗೆಣಸಿನ ಅಂಟು, ನಡುವೆ ಬಾಯಿತುಂಬ ಹರಟೆ. ತಲೆಭಾಗದಲ್ಲಿ ಚಾಪೆಯ ಮೇಲೆ ಚಾಪೆ ಹಾಕಿ ಅತ್ತೆಯನ್ನು ಕೂರಿಸಿದ್ದರು. ಪಿಸಿಲಾ ಮೊದಲು ತನ್ನ ಅಚ್ಚನ್ನು ಅವರ ತೊಡೆಯ ಮೇಲಿಟ್ಟಳು. ಪಿಸಿಲಾಳ ಕೈಕೆಲಸದಲ್ಲಿ ಹುಳುಕು ಹುಡುಕಲು ಯಾರಿಂದಲೂ ಆಗದು. ಅತ್ತೆ ಬೆರಳಿನಿಂದ ಕೊಕ್ಕು, ಕತ್ತು, ರೆಕ್ಕೆ ಎಲ್ಲವನ್ನೂ ಸವರುತ್ತಾ ಕೆಳಗಿಳಿದರು.

"ಮೂರೂ ಇದಾವೆ. ನೀಟಾಗಿದೆ" ಎಂದರು. ಬೆರಳು ಮುಂದಿನ ಕಾಲಿನ ಮೇಲೆ ಮತ್ತೆರಡು ಸಲ ಓಡಾಡಿತು. "ಆದ್ರೆ ಇದು ಕಾಲಲ್ಲ ಕಣೇ ಹುಡುಗಿ, ಕೋಲು."

"ಬಟ್ಟೇಲಿ ಹೀಗೇ ಇರುತ್ತಲ್ಲ ಅತ್ತೆ" ಎಂದಳು ಪಿಸಿಲಾ. ಅವಳು ಹೇಳಿದ್ದು ಸರಿ. ನಮ್ಮ ಕಡೆ ಉಜ್ಜಿದ ಗೆರೆಯ ಮೇಲೆ ಕುಂಚದಿಂದ ತಿದ್ದಿ ತಿದ್ದಿ ಸೊಟ್ಟ ಮಂಡಿ ಎಂದೋ ನೆಟ್ಟಗಾಗಿತ್ತು.

ಆಮೇಲೆ ನನ್ನದು. ಮೂರು ಅಂದರಲ್ಲ ಎಂದು ಅಚ್ಚನ್ನು ಹಿಂದಕ್ಕೆಳೆಯಲು ಹೋದೆ, ಆದರೆ ತಡವಾಗಿತ್ತು. ಅತ್ತೆಯ ಬೆರಳು ಹಕ್ಕಿಯ ಹೊಟ್ಟೆ ದಾಟಿತು. ಒಂದು ಕಾಲು ಇಳಿಯಿತು, ಹತ್ತಿತು. ಎರಡನೆಯದು ಇಳಿಯಿತು. ಆಮೇಲೆ ಬರಿಯ ಕೇದಗೆ ಎಲೆಯ ಮೇಲೆ ಅತ್ತಿತ್ತ ತಡಕಾಡಿತು.

"ಇನ್ನೊಂದೆಲ್ಲೇ?"

ಎದುರಿಗೆ ಕೂತಿದ್ದ ಸಿನಿವಾ ಕತ್ತು ಚಾಚಿ ನೋಡಿದಳು. ನಮ್ಮ ಗುಂಪಿನಲ್ಲಿ ಅವಳೇ ಚಿಕ್ಕವಳು, ನಾಲಿಗೆ ಮಾತ್ರ ಎಲ್ಲರಿಗಿಂತ ಉದ್ದ.

"ಅಯ್ಯೋ ದೊಡ್ಡಮ್ಮ, ಹಕ್ಕೀನ ಕುಂಟಿ ಮಾಡಿಬಿಟ್ರಲ್ಲ! ಕನ್ನಡಕ ಎಲ್ಲಿಟ್ಟಿದ್ರಿ?"

ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ಕುಂಟಿ ಅಲ್ಲ. ಇರೋದೇ ಎರಡು. ಮೂರನೇದು ನಾನು ಹೊಲಿದಿದ್ದು. ತಪ್ಪಾಗಿ. ಅತ್ತೆ, ನೀವು ನಿಯುವಾಗೆ ಹೊರಟ ಹಿಂದಿನ ದಿನ. ಕೀಳೋಕೆ ಮರೆತೆ. ನಿಮಗೆ ಗೊತ್ತಲ್ವಾ? ನೀವೇ ಹೇಳಿ."

ಇನ್ನೂ ಜೋರಾಗಿ ನಕ್ಕರು. ಪಿಸಿಲಾ ತೊಡೆ ತಟ್ಟಿಕೊಂಡಳು. "ಕೇಳ್ರೇ, ಕೇಳ್ರೇ! ನೀರುಕೋಳಿಗೆ ಕಾಲು ಕೊಟ್ಟಿದ್ದು ನಮ್ಮ ಟೋಕಿ ಅಕ್ಕನಂತೆ. ನಾಳೆ ತೆಂಗಿನ ಮರಕ್ಕೆ ಕಾಯಿ ಕಟ್ಟಿದ್ದೂ ನಾನೇ ಅಂತಾಳೆ!"

ಅತ್ತೆ ನಗಲಿಲ್ಲ. ಪೊರೆ ಬಂದ ಕಣ್ಣನ್ನು ನನ್ನ ದನಿ ಬಂದ ಕಡೆ ತಿರುಗಿಸಿದರು.

"ಹತ್ತೊಂಬತ್ತು ವರ್ಷಕ್ಕೆ ಅಂಗಿ ಗುಂಡಿ ಹೊಲಿಯೋಕೆ ಬರ್ತಿರ್ಲಿಲ್ಲ ನಿಂಗೆ. ನಮ್ಮಜ್ಜಿ ಕೈಕೆಲಸನ ನಂದು ಅಂತೀಯಾ?" ನನ್ನ ಅಚ್ಚನ್ನು ತೊಡೆಯಿಂದ ಪಕ್ಕಕ್ಕೆ ಸರಿಸಿದರು. "ನಂಗೆ ಆರು ವರ್ಷ. ಇದೇ ಊರು, ಇದೇ ಚಪ್ಪರ. ಅಜ್ಜಿ ನನ್ನ ತೊಡೆ ಮೇಲೆ ಕೂರಿಸ್ಕೊಂಡು, ನನ್ನ ಬೆರಳು ಹಿಡಿದು ಈ ಹಕ್ಕಿ ಕಾಲ ಮೇಲೆ ಓಡಿಸ್ತಿದ್ಲು. ಒಂದು, ಎರಡು, ಮೂರು. ನಾನು ಎಣಿಸೋಕೆ ಕಲಿತಿದ್ದೇ ಹಾಗೆ. ಅವಳ ಬಾಯಲ್ಲಿ ಒಂದು ಹಲ್ಲಿರ್ಲಿಲ್ಲ, ಮೂರು ಅನ್ನೋವಾಗ ಗಾಳಿ ಬರ್ತಿತ್ತು ನನ್ನ ಕಿವಿಗೆ. ಅದನ್ನ ಇಲ್ಲ ಅಂತೀಯಾ ಟೋಕಿ?"

ಇದು ಪರೀಕ್ಷೆ ಆಗಿರಲಿಲ್ಲ. ಅತ್ತೆ ನಿಯುವಾದಲ್ಲಿ ಚಾಪೆ ಬಿಚ್ಚಿ ಅಚ್ಚನ್ನು ಮುಟ್ಟಿದ ದಿನದಿಂದ, ಉಜ್ಜಿದ ಒಂದೊಂದು ಬಟ್ಟೆಯ ಜೊತೆಗೆ, ನನ್ನ ತಪ್ಪು ಹಿಂದಕ್ಕೆ ಹಿಂದಕ್ಕೆ ನಡೆದು ಅವರ ಆರನೆಯ ವರ್ಷದವರೆಗೆ ಹೋಗಿ ಅಜ್ಜಿಯ ತೊಡೆಯ ಮೇಲೆ ಕೂತುಬಿಟ್ಟಿತ್ತು. ನಾನು ಗೆಲ್ಲಬೇಕಾದರೆ ಆ ಪುಟ್ಟ ಹುಡುಗಿಯನ್ನು ಅಲ್ಲಿಂದ ಎಬ್ಬಿಸಿ ಕಳಿಸಬೇಕಿತ್ತು. ಅದು ನನ್ನಿಂದಾಗಲಿಲ್ಲ. ಆಗದೆ ಹೋದದ್ದಕ್ಕೆ ಈಗಲೂ ಸಂತೋಷವಿದೆ.

"ಪಿಸಿಲಾ, ನೀನೇ ಇಟ್ಕೊ" ಎಂದರು ಅತ್ತೆ, ಸೋತ ದನಿಯಲ್ಲಿ. "ಕೋಲಾದ್ರೂ ಮೂರಿದಾವೆ."

"ಅತ್ತೆ, ತಡೀರಿ" ಎಂದೆ. "ತಪ್ಪಾಯ್ತು. ಹಾಕ್ತೀನಿ, ಒಂದು ಗಳಿಗೆ."

ಸಿನಿವಾ ಏನೋ ಅನ್ನಲು ಹೊರಟವಳು ನನ್ನ ಮುಖ ನೋಡಿ ಸೂಜಿ ಕೊಟ್ಟಳು. ನಾನು ಕಟ್ಟಿನಲ್ಲಿ ಹುಡುಕಿ ಒಣಗಿದ ಕಡ್ಡಿಯೊಂದನ್ನೇ ಆರಿಸಿದೆ. ಮುಂದಕ್ಕೆ, ಹಕ್ಕಿ ಮುಗ್ಗರಿಸುವ ಜಾಗದಲ್ಲಿ ಇಟ್ಟು, ಮಂಡಿಯ ಹತ್ತಿರ ಚಟ್ಟನೆ ಮುರಿದೆ. ಮುರಿದಲ್ಲಿಗೆ ನಾರು ಸುತ್ತಿ ಬಿಗಿದೆ. ಮೊದಲ ಸಲ ಅವಸರದಲ್ಲಿ ಮಾಡಿದ್ದನ್ನು ಈ ಸಲ ನಿಧಾನವಾಗಿ, ಒಂದು ಕಡ್ಡಿಯೂ ಆಚೀಚೆ ಆಗದ ಹಾಗೆ ಮಾಡಿದೆ. ಕೈಗೆ ಎಲ್ಲ ನೆನಪಿತ್ತು. ಮುಗಿಸಿ ಅತ್ತೆಯ ತೊಡೆಯ ಮೇಲಿಟ್ಟೆ.

ಬೆರಳು ಇಳಿಯಿತು. ಸೊಟ್ಟ ಮಂಡಿಯ ಮೇಲೆ ಬಂದು ನಿಂತಿತು. ಅಲ್ಲೇ ನಾರಿನ ಸುತ್ತುಗಳನ್ನು ಎಣಿಸುವಂತೆ ಆಡಿತು. ಅತ್ತೆಯ ಕಣ್ಣಿನಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತು.

"ಅಜ್ಜೀ" ಎಂದರು, ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ಇದು ನೋಡ್ರೇ ಕಾಲು! ಇದನ್ನ ಯಾರೂ ಕಲಿಸೋಕಾಗಲ್ಲ. ನಮ್ಮಜ್ಜಿ ಕೈ ಇವಳಿಗೆ ಬಂದಿದೆ."

ಅಚ್ಚನ್ನು ನನ್ನ ಮಡಿಲಿಗೆ ಹಾಕಿ, ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ಪಿಸಿಲಾ ಮುಖ ಸೊಟ್ಟ ಮಾಡಿದಳು, ಆದರೆ ಹತ್ತಿರ ಬಂದು ಆ ಮಂಡಿಯನ್ನು ಮುಟ್ಟಿ ನೋಡಿ, "ನಂಗೂ ತೋರಿಸ್ಕೊಡಕ್ಕಾ" ಎಂದಳು. ತೋರಿಸಿಕೊಟ್ಟೆ. ಅವಳ ಹಿಂದೆ ಇನ್ನಿಬ್ಬರು ಕಡ್ಡಿ ಮುರಿಯುತ್ತಾ ಕೂತರು. ಅಚ್ಚನ್ನು ಹಲಗೆಗೆ ಕಟ್ಟಿದೆವು, ಬಟ್ಟೆ ಹಾಸಿದೆವು, ಯಾರೋ ಹಾಡು ಎತ್ತಿಕೊಂಡರು. ಹದಿನಾಲ್ಕು ಕೈ ಉಜ್ಜತೊಡಗಿದವು. ಹಕ್ಕಿಗಳು ಸಾಲಾಗಿ ಎದ್ದು ಬಂದವು.

ಸಿನಿವಾ ಮಾತ್ರ ಉಜ್ಜುತ್ತಲೇ ನನ್ನ ಕಡೆ ಬಾಗಿದಳು. ಹುಡುಗಿ ಚುರುಕು, ಏನೋ ಅನುಮಾನ ಹೊಕ್ಕಿತ್ತು.

"ದೊಡ್ಡಮ್ಮ, ಆಣೆ ಇಟ್ಟು ಹೇಳಿ. ಮೊದಲು ಎಷ್ಟು ಕಾಲಿತ್ತು?"

ನಾನು ಪಕ್ಕದಲ್ಲಿ ಕೂತಿದ್ದ ಅತ್ತೆಯನ್ನು ನೋಡಿದೆ. ಅವರು ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದರು.

"ಮೂರು ಕಣೆ" ಎಂದೆ. "ಮೊದಲಿಂದ್ಲೂ ಮೂರೇ."

ಹಾಗೆನ್ನುವಾಗ ಆ ಮಣ್ಣಾದ ಬಟ್ಟೆಯ ತುಂಡನ್ನು ನೆನಪಿಗೆ ತಂದುಕೊಂಡೆ. ಬಣ್ಣ ಮಾಸಿತ್ತು, ಅಂಚು ಹರಿದಿತ್ತು, ನಡುವೆ ಹಕ್ಕಿ ನಿಂತಿತ್ತು. ಅದರ ಕಾಲುಗಳನ್ನು ಎಣಿಸಿ ನೋಡಿದೆ. ಮೂರಿದ್ದವು.